ಕುಕ್ಕರಿಗೆ ಹಿಡಿಸುವ ಕ್ಯಾಮೆರಾ

ಮೊನ್ನೆ ಮನೆಗೆ ಬಂದಿದ್ದ ಅಣ್ಣನ ಮೊಮ್ಮಗಳು ಊಟ ಮಾಡುತ್ತಲೇ ಮೊಬೈಲಿನಲ್ಲಿ ಕ್ಯಾಮೆರಾಗಳ ಪಟ್ಟಿ ನೋಡುತ್ತಿದ್ದಳು. ಮುಂದಿನ ತಿಂಗಳು ಗೆಳತಿಯರ ಜೊತೆ ಸಮುದ್ರದಲ್ಲಿ ಮುಳುಗುವುದನ್ನು ಕಲಿಯಲು ಹೋಗುತ್ತಾಳಂತೆ. ಅಲ್ಲಿ ಮೀನುಗಳ ವಿಡಿಯೋ ತೆಗೆಯಬೇಕಂತೆ. ಕ್ಯಾಮೆರಾ ಚಿಕ್ಕದಿರಬೇಕು, ಕೈಗೆಟಕುವ ಬೆಲೆಯದಾಗಿರಬೇಕು, ನೀರು ಮಾತ್ರ ಒಳಗೆ ಹೋಗಬಾರದು. "ಯಾವ್ದು ತಗೊಳ್ಳೋದು ಅಂತಲೇ ತಿಳೀತಾ ಇಲ್ಲ" ಎಂದು ನಿಟ್ಟುಸಿರು ಬಿಟ್ಟಳು. ಸಾರಿನ ಪಾತ್ರೆ ಹಿಡಿದು ನಿಂತಿದ್ದ ನಾನು, "ಮೂರು ಲೀಟರಿನ ಕುಕ್ಕರಿಗೆ ಹಿಡಿಸುವಂಥದ್ದು ತಗೊ" ಎಂದೆ.

ಹುಡುಗಿ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದಳು. ವಯಸ್ಸಾದವರ ಮಾತು ಎಲ್ಲಿಂದ ಎಲ್ಲಿಗೋ ಜಿಗಿಯುತ್ತದೆ ಎಂದುಕೊಂಡಳೋ ಏನೋ, "ಸಾರು ಸಾಕಜ್ಜಿ" ಎಂದು ಮತ್ತೆ ಮೊಬೈಲಿಗೆ ಬಗ್ಗಿದಳು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ಊಟವಾಗಿದ್ದರೆ ಕೈ ತೊಳೆದುಕೊಂಡು ಕೂತುಕೊಳ್ಳಿ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹೊನ್ನಾವರದ ಪಕ್ಕದ ಕಾಸರಕೋಡಿನ ಶಾಲೆಯಲ್ಲಿ ವಿಜ್ಞಾನದ ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ನನ್ನ ನಿಜವಾದ ಹೆಸರು ಎಲ್ಲಿಯೂ ಬಳಕೆಯಲ್ಲಿರಲಿಲ್ಲ. ಮನೆ ಕುಮಟಾದಲ್ಲಿ. ಮನೆಯಲ್ಲಿ ಆಯಿ, ಅಂದರೆ ನನ್ನ ಅಮ್ಮ, ಮತ್ತು ನಾನು, ಇಬ್ಬರೇ. ಬೆಳಿಗ್ಗೆ ಬಸ್ಸು ಹತ್ತಿ, ಶರಾವತಿಯ ಸೇತುವೆ ದಾಟಿ, ಒಣಮೀನಿನ ವಾಸನೆ ಮೂಗಿಗೆ ಬಡಿದ ಕೂಡಲೇ ಇಳಿಯಬೇಕು. ಎಷ್ಟೋ ದಿನ ನಿದ್ದೆ ಹೋದ ನನ್ನನ್ನು ಎಬ್ಬಿಸಿ ಇಳಿಸಿದ್ದು ಕಂಡಕ್ಟರನಲ್ಲ, ಆ ವಾಸನೆ.

ಸಮುದ್ರದ ದಂಡೆಯಲ್ಲೇ ಹುಟ್ಟಿ ಬೆಳೆದರೂ ನನಗೆ ಈಜು ಬರುತ್ತಿರಲಿಲ್ಲ. ಐದು ವರ್ಷದವಳಿದ್ದಾಗ ಕುಮಟಾದ ಕಡಲ ತೀರದಲ್ಲಿ ಒಂದು ತೆರೆ ಬಂದು ನನ್ನ ಎಡಗಾಲಿನ ಚಪ್ಪಲಿಯನ್ನು ಎಳೆದೊಯ್ದಿತ್ತು. ನಾನು ಊರು ಕೇಳುವಂತೆ ಅತ್ತೆ. ಮುಂದಿನ ತೆರೆ ಯಾರದೋ ದೊಡ್ಡ ಗಂಡಸಿನ ಬಲಗಾಲಿನ ಚಪ್ಪಲಿಯನ್ನು ತಂದು ನನ್ನ ಮುಂದೆ ಇಟ್ಟಿತು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ, ಅದನ್ನು ಹಾಕಿಕೊಂಡಿದ್ದ ಮನುಷ್ಯ ಎಲ್ಲಿ ಹೋದ ಎಂಬ ಯೋಚನೆ ಹತ್ತಿಕೊಂಡಿತು. ಅಂದಿನಿಂದ ಮೊಣಕಾಲಿನಿಂದ ಮೇಲೆ ಸಮುದ್ರವನ್ನು ನಾನು ಬಿಟ್ಟುಕೊಂಡಿರಲಿಲ್ಲ. ಅಂಥವಳು ಮೀನುಗಾರರ ಮಕ್ಕಳಿಗೆ ಜಲಚರಗಳ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ನಾನು ಬರೆಯುತ್ತಿದ್ದ ಮೀನಿನ ರೆಕ್ಕೆಗಳನ್ನು ಹಿಂದಿನ ಬೆಂಚಿನವರು ನಗು ತಡೆಯಲು ಬಾಯಿ ಮುಚ್ಚಿಕೊಂಡು ಎಣಿಸುತ್ತಿದ್ದರು.

ಆ ವರ್ಷ ಏಳನೇ ತರಗತಿಗೆ 'ನಾನು ಬಲ್ಲ ಒಂದು ಪ್ರಾಣಿ' ಎಂದು ಬರೆದು ತರಲು ಹೇಳಿದೆ. ಹಸು, ಬೆಕ್ಕು, ನಾಯಿ, ಮತ್ತೆ ಹಸು. ಗಿರಿಜಾ ಎಂಬ ಹುಡುಗಿ ಮಾತ್ರ ಬೇರೆಯೇ ಬರೆದಿದ್ದಳು. ಅವಳ ಅಪ್ಪ ಜಟ್ಟಿ, ಸಮುದ್ರದ ಬಂಡೆಗಳಿಗೆ ಅಂಟಿಕೊಂಡಿರುವ ನೀಲಿಕಲ್ಲು ಎಂಬ ಚಿಪ್ಪುಮೀನನ್ನು ಮುಳುಗಿ ಕಿತ್ತು ತರುವವನು. ಅವನು ಮುಳುಗುವ ಬಂಡೆಯ ಪೊಟರೆಯಲ್ಲಿ ಒಂದು ದೊಡ್ಡ ಗೋಬ್ರ ಮೀನು ಇದೆಯಂತೆ. ದಪ್ಪ ತುಟಿ, ಮೈತುಂಬ ಕಂದು ಚುಕ್ಕೆ. ಅಪ್ಪ ಉಳಿಯಿಂದ ಬಂಡೆಗೆ ಮೂರು ಸಲ ಬಡಿದರೆ ಅದು ಹೊರಗೆ ಬರುತ್ತದಂತೆ. ಅಪ್ಪ ಒಂದು ನೀಲಿಕಲ್ಲನ್ನು ಒಡೆದು ಹಿಡಿದರೆ ಕೈಯಿಂದಲೇ ತಿನ್ನುತ್ತದಂತೆ. 'ಅದಕ್ಕೆ ನಮ್ಮಪ್ಪನ ಗುರುತು ಇದೆ. ಬೇರೆಯವರು ಬಡಿದರೆ ಬರುವುದಿಲ್ಲ' ಎಂದು ಮುಗಿಸಿದ್ದಳು.

ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದೆ. ಕೆಳಗೆ, 'ವಿಜ್ಞಾನದಲ್ಲಿ ಕಟ್ಟುಕಥೆ ಸಲ್ಲದು. ಕಣ್ಣಾರೆ ನೋಡಿದ್ದನ್ನು ಬರೆ' ಎಂದು ಬರೆದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ತರಗತಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಮಕ್ಕಳು ನಕ್ಕರು. ಯಾರೋ ಡೆಸ್ಕಿಗೆ ಮೂರು ಸಲ ಬಡಿದು, "ಬಾ ಗೋಬ್ರ ಬಾ" ಎಂದರು. ನಾನೂ ನಕ್ಕೆ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಮರುದಿನ ಗಿರಿಜಾ ಬರಲಿಲ್ಲ. ಅದರ ಮರುದಿನವೂ ಇಲ್ಲ. ಏಳನೇ ತರಗತಿಯಲ್ಲಿ ಶಾಲೆ ತಪ್ಪಿಸಿದ ಹುಡುಗಿ ಒಂದು ವಾರ ಮೀನು ಒಣಗಿಸಲು ಕೂತಳೆಂದರೆ ಮತ್ತೆ ಬೆಂಚಿಗೆ ಮರಳುವುದು ಕಷ್ಟ. ಅಂಥ ಎಷ್ಟೋ ಹೆಸರುಗಳನ್ನು ಹಾಜರಿ ಪುಸ್ತಕದಿಂದ ನಾನೇ ತೆಗೆದಿದ್ದೆ. ನಾಲ್ಕನೆಯ ದಿನ ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದೆ.

ಅಂಗಳದಲ್ಲಿ ಜಟ್ಟಿಯ ಹೆಂಡತಿ ನಾಗಮ್ಮ ಒಣಗಿದ ಮೀನನ್ನು ಬುಟ್ಟಿಗೆ ತುಂಬುತ್ತಿದ್ದಳು. ಅವಳ ತಮ್ಮ ದುರ್ಗಯ್ಯ ಬಲೆ ಹೆಣೆಯುತ್ತಿದ್ದ. ಜಟ್ಟಿ ಎದ್ದು ಮಣೆ ಹಾಕಿದ. ಅಗಲ ಎದೆಯ, ಕಡಿಮೆ ಮಾತಿನ ಮನುಷ್ಯ. ಉಪ್ಪುನೀರಿಗೆ ಕಣ್ಣು ಯಾವಾಗಲೂ ಕೆಂಪು.

"ಹುಡುಗಿ ಎಂತಕ್ಕೆ ಶಾಲೆಗೆ ಬರ್ಲಿಲ್ಲ?" ಎಂದು ಕೇಳಿದೆ, ಗೊತ್ತಿಲ್ಲದವಳಂತೆ.

ದುರ್ಗಯ್ಯನೇ ನಕ್ಕು ಹೇಳಿದ. "ಭಾವ ಹೇಳಿದ ಪುರಾಣ ಕೂಸು ಬರ್ಕಂಡು ಬಂತು ಅಕ್ಕೋರೇ. ಆ ಗೋಬ್ರದ ಕತೆ ನಾವು ಹತ್ತು ವರ್ಷದಿಂದ ಕೇಳ್ತೇ ಇದ್ದೇವೆ. ನೋಡಿದವ್ರು ಯಾರೂ ಇಲ್ಲ."

"ನೀನು ಮುಳುಗು, ನೋಡು" ಎಂದ ಜಟ್ಟಿ, ಮೆಲ್ಲಗೆ.

"ಬೇರೆಯವ್ರಿಗೆ ಬರುದಿಲ್ಲ ಅಂತ ನೀನೇ ಹೇಳ್ತೆ!"

ಆಗ ಬಾಗಿಲ ಹಿಂದಿನಿಂದ ಗಿರಿಜಾಳ ದನಿ ಬಂತು. ಮುಖ ಕಾಣಲಿಲ್ಲ, ಲಂಗದ ಅಂಚು ಮಾತ್ರ ಕಾಣುತ್ತಿತ್ತು. "ನೋಡದ್ದೆ ಬರೀಬಾರ್ದು ಅಂದ್ರಿ ಅಕ್ಕೋರೇ. ಹೌದು, ನಾ ನೋಡ್ಲಿಲ್ಲ. ಆದ್ರೆ ನೀವೂ ನೋಡ್ಲಿಲ್ಲ. ನೋಡದ್ದೇ ಕಟ್ಟುಕಥೆ ಅಂತ ನೀವು ಹ್ಯಾಂಗೆ ಬರದ್ರಿ?"

"ಏ, ಅಕ್ಕೋರ ಹತ್ರ ಹಾಂಗೆ ಮಾತಾಡ್ತೀಯಾ!" ಎಂದು ನಾಗಮ್ಮ ಗದರಿದಳು. ಬಿ.ಎಸ್ಸಿ. ಓದುವಾಗ ಮೂರು ವರ್ಷದಲ್ಲಿ ಯಾವ ಪ್ರೊಫೆಸರರೂ ನನಗೆ ಇಷ್ಟು ಸರಿಯಾಗಿ ಪಾಠ ಹೇಳಿರಲಿಲ್ಲ.

"ನಾ ನೋಡ್ತೇನೆ ಗಿರಿಜಾ" ಎಂದೆ.

"ನೀವು ನೋಡಿದ ಮೇಲೆ ನಾ ಶಾಲೆಗೆ ಬತ್ತೆ" ಎಂದಿತು ಬಾಗಿಲು.

ಹೇಳಿದ್ದೇನೋ ಹೇಳಿದೆ. ಬಸ್ಸಿನಲ್ಲಿ ಕೂತ ಮೇಲೆ ಬೆವರು ಬಂತು. ಮೊಣಕಾಲು ನೀರಿನವಳು ಮೂರಾಳು ನೀರಿನ ಮೀನನ್ನು ನೋಡುವುದು ಹೇಗೆ? ಜಟ್ಟಿಯ ಕೈಯಲ್ಲಿ ಕ್ಯಾಮೆರಾ ಕೊಟ್ಟು ಕಳಿಸಿದರೆ ಆದೀತು ಎಂಬುದು ಸೇತುವೆಯ ಮೇಲೆ ಹೊಳೆಯಿತು. ಕ್ಯಾಮೆರಾ ಎಂದ ಕೂಡಲೇ ಭಟ್ಕಳದ ಇಸ್ಮಾಯಿಲ್ ಭಾಯಿ ನೆನಪಾದರು.

ಅಪ್ಪನ ಕಾಲದಿಂದಲೂ ನಮಗೆ ಗುರುತಿದ್ದ ಅಂಗಡಿ ಅದು. ಅವರ ಅಣ್ಣ ತಮ್ಮಂದಿರೆಲ್ಲ ದುಬೈಯಲ್ಲಿ. ಅಲ್ಲಿಂದ ಬಂದ ಅತ್ತರು, ಟಾರ್ಚು, ಟೇಪ್ ರೆಕಾರ್ಡರು, ಹೊಳೆಯುವ ಬಟ್ಟೆ ಎಲ್ಲ ಒಂದರ ಮೇಲೊಂದು ಪೇರಿಸಿ, ನಡುವೆ ಒಂದು ಸಣ್ಣ ಗುಹೆಯಂಥ ಜಾಗದಲ್ಲಿ ಅವರು ಕೂತಿರುತ್ತಿದ್ದರು. ಒಳಗೆ ಕಾಲಿಟ್ಟರೆ ಅತ್ತರಿಗೂ ಹೊರಗೆ ಮಾರುತ್ತಿದ್ದ ಮಲ್ಲಿಗೆಗೂ ಜಗಳ ನಡೆದಿರುತ್ತಿತ್ತು.

ನನ್ನ ಕತೆಯನ್ನು ಪೂರ್ತಿ ಕೇಳಿ ಇಸ್ಮಾಯಿಲ್ ಭಾಯಿ ಗಡ್ಡ ನೀವಿಕೊಂಡರು. "ಟೀಚರ್, ಮೂವತ್ತು ವರ್ಷದಿಂದ ಅಂಗಡಿ ಇಟ್ಟಿದ್ದೇನೆ. ಮದುವೆಗೆ ಕ್ಯಾಮೆರಾ ಕೇಳಿದ್ದಾರೆ, ಹಜ್‌ಗೆ ಹೋಗುವಾಗ ಕೇಳಿದ್ದಾರೆ. ಮೀನಿಗೆ ಅಂತ ಕೇಳಿದ್ದು ನೀವೇ." ಆಮೇಲೆ ಮೂರು ಕ್ಯಾಮೆರಾಗಳನ್ನು ಗಾಜಿನ ಮೇಜಿನ ಮೇಲೆ ಇಟ್ಟರು.

ಮೊದಲನೆಯದು ವಿಡಿಯೋ. ಆಗಷ್ಟೇ ಬಂದ ಸೋಜಿಗ. ಕ್ಯಾಮೆರಾ ಒಂದು ಹೆಗಲಿಗೆ, ಅದರ ರೆಕಾರ್ಡರು ಇನ್ನೊಂದು ಹೆಗಲಿಗೆ, ಇಟ್ಟಿಗೆಯಂಥ ಬ್ಯಾಟರಿ ಬೇರೆ. ಹೆಗಲ ಮೇಲೆ ಇಟ್ಟುಕೊಂಡು ನೋಡಿದೆ. ಎರಡು ಕೊಡ ನೀರು ಹೊತ್ತ ಹಾಗಾಯಿತು. ಅದರ ಬೆಲೆಯನ್ನು ಅವರು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ. ಎರಡನೆಯದು ನೀರಿಗೆಂದೇ ಮಾಡಿದ ಕ್ಯಾಮೆರಾ, ಗಟ್ಟಿಮುಟ್ಟು, ಬಕೆಟ್ಟಿಗೆ ಹಾಕಿದರೂ ಏನೂ ಆಗದು. ನನಗೆ ಆಸೆಯಾಯಿತು. ಆದರೆ ಅದು ನಿಂತ ಚಿತ್ರ ಮಾತ್ರ ತೆಗೆಯುತ್ತಿತ್ತು. ದುರ್ಗಯ್ಯ ಅದನ್ನು ನೋಡಿ ಏನೆನ್ನುತ್ತಾನೆ ಎಂಬುದು ಅಲ್ಲೇ ಕಿವಿಗೆ ಕೇಳಿಸಿತು: "ಸತ್ತ ಮೀನು ಕೈಲಿ ಹಿಡ್ಕಂಡ್ರೂ ಹೀಂಗೇ ಕಾಣ್ತದೆ." ಮೀನು ತಾನಾಗಿ ಬರುವುದು ಕಾಣಬೇಕು, ಬಾಯಿ ತೆರೆಯುವುದು ಕಾಣಬೇಕು.

ಮೂರನೆಯದು ಅಂಗೈಗಿಂತ ಸ್ವಲ್ಪ ದೊಡ್ಡದು. ಸಣ್ಣ ಫಿಲ್ಮಿನ ಚಲನಚಿತ್ರದ ಕ್ಯಾಮೆರಾ. ಪೆನ್ಸಿಲ್ ಸೆಲ್ಲಿನಲ್ಲಿ ಓಡುತ್ತಿತ್ತು. ಶಬ್ದ ಹಿಡಿಯುವುದಿಲ್ಲ. ಒಂದು ಫಿಲ್ಮು ಮೂರು ನಿಮಿಷ ಚಿಲ್ಲರೆ ಸೆಕೆಂಡು ಬರುತ್ತದೆ, ಅಷ್ಟೇ. ಗುಂಡಿಯನ್ನು ಒತ್ತಿ ಸಿಕ್ಕಿಸಿಬಿಟ್ಟರೆ ಫಿಲ್ಮು ಮುಗಿಯುವ ತನಕ ತಾನೇ ಓಡುತ್ತಿರುತ್ತದೆ.

"ಇದನ್ನು ಯಾರೂ ಕೇಳುವುದಿಲ್ಲ ಈಗ. ಎಲ್ಲರಿಗೂ ವಿಡಿಯೋ ಬೇಕು" ಎಂದರು ಇಸ್ಮಾಯಿಲ್ ಭಾಯಿ. "ನಿಮಗೆ ಬಾಡಿಗೆಯೂ ಬೇಡ, ಒಯ್ಯಿರಿ. ಒದ್ದೆ ಮಾಡಿದ್ರೆ ಮಾತ್ರ ನಿಮ್ಮದೇ. ಆದರೆ ಡಬ್ಬಿ ಎಲ್ಲಿದೆ? ಇದಕ್ಕೆ ಅಂತ ಮಾಡಿದ ಡಬ್ಬಿ ವಿಲಾಯತಿಯಲ್ಲಿ ಸಿಗುತ್ತದೆ, ಕ್ಯಾಮೆರಾಕ್ಕಿಂತ ಅದಕ್ಕೇ ಜಾಸ್ತಿ. ಗಾಳಿ ಕೂಡ ಹೋಗಬಾರದು, ಅಂಥಾ ಡಬ್ಬಿ ತನ್ನಿ, ಆಮೇಲೆ ಕ್ಯಾಮೆರಾ."

ಗಾಳಿ ಹೋಗದ ಡಬ್ಬಿ ನಮ್ಮ ಮನೆಯಲ್ಲಿ ಯಾವುದಿದೆ ಎಂದು ಯೋಚಿಸುತ್ತ ಕುಮಟಾ ತಲುಪಿದೆ. ಬಾಗಿಲಲ್ಲೇ ಉತ್ತರ ಸೀಟಿ ಹೊಡೆಯಿತು.

ಆಯಿಯ ಕುಕ್ಕರಿಗೆ ಆಗ ಹತ್ತು ವರ್ಷ. ಅದರ ಅನ್ನ ಇಳಿಯುವುದನ್ನೇ ಕಾದು, ತೊಳೆದು ಒರೆಸಿ, ಒಳಗೆ ಎರಡು ಕರಿದ ಹಪ್ಪಳ ಇಟ್ಟು ಮುಚ್ಚಳ ಹಾಕಿದೆ. ಸೀಟಿಯ ಕೊಳವೆಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ಬಿಗಿದೆ. ಹಪ್ಪಳ ಗರಿಗರಿಯಾಗಿ ಮೇಲೆ ಬಂದರೆ ಡಬ್ಬಿ ಪಾಸು. ಕಲ್ಲು ಕಟ್ಟಿ ಬಾವಿಗೆ ಇಳಿಸಿ ನೂರು ಎಣಿಸಿ ಎಳೆದೆ. ಮುಚ್ಚಳ ತೆಗೆದರೆ ಹಪ್ಪಳಗಳು ನೀರಿನಲ್ಲಿ ತೇಲುತ್ತಿದ್ದವು. ಇನ್ನೆರಡು ಹಪ್ಪಳ ಇಟ್ಟು, ಇನ್ನೂ ಬಿಗಿಯಾಗಿ ಮುಚ್ಚಿ ಇಳಿಸಿದೆ. ಮತ್ತೆ ಅದೇ. ಮೂರನೆಯ ಜೋಡಿ ಹಪ್ಪಳಕ್ಕೆ ಕೈ ಹಾಕಿದಾಗ ಆಯಿ ಬಂದು ಬಾವಿಕಟ್ಟೆಯ ಮೇಲೆ ಕೂತಳು.

"ಅಲ್ದನೆ, ನೀನು ವಿಜ್ಞಾನ ಕಲಿಸ್ತೆ ಹೇಳಿ ನಾ ಊರಿಗೆಲ್ಲ ಹೇಳ್ಕಂಡು ಬೈಂದಿ" ಎಂದಳು. "ಈ ಕುಕ್ಕರಿನ ಮುಚ್ಚಳ ಒಳಬದಿಯಿಂದ ಕೂತ್ಕಳದು. ಉಗಿ ಒಳಗಿಂದ ದೂಡ್ತು, ಅದಕ್ಕೇ ಗಟ್ಟಿ ಆಗ್ತು. ಬಾವಿಲಿ ಉಗಿ ಎಲ್ಲಿದ್ದು? ಅಲ್ಲಿ ನೀರು ಹೊರಗಿಂದ ದೂಡ್ತು. ಮುಚ್ಚಳ ಸಡಿಲ ಆಗದೆ ಇನ್ನೆಂತ ಆಗ್ತು?"

ಒತ್ತಡದ ಪಾಠವನ್ನು ನಾನು ಅದೇ ವಾರ ಎಂಟನೇ ತರಗತಿಗೆ ಮುಗಿಸಿದ್ದೆ, ಚಿತ್ರ ಸಹಿತ. ಆಯಿ ಓದಿದ್ದು ನಾಲ್ಕನೇ ಇಯತ್ತೆ.

"ಮುಚ್ಚಳ ಮೇಲಿಂದ ಕೂತ್ಕಳ ಕುಕ್ಕರ್ ಬೇಕು" ಎಂದಳು. ಆಮೇಲೆ ಒಳಗೆ ಹೋಗಿ, ಕಬ್ಬಿಣದ ಪೆಟ್ಟಿಗೆಯಿಂದ ಹಳೆಯ ಸೀರೆಯಲ್ಲಿ ಸುತ್ತಿದ ಗಂಟೊಂದನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಬಿಚ್ಚಿದರೆ ಹೊಚ್ಚ ಹೊಸ ಮೂರು ಲೀಟರಿನ ಕುಕ್ಕರು, ಮುಚ್ಚಳ ಮೇಲಿನಿಂದ ಕೂರುವಂಥದ್ದು.

"ನಿನ್ನ ಮದುವೆಗೆ ಹೇಳಿ ನಾ ತೆಗೆದಿಟ್ಟಿದ್ದಿ."

"ಬೇಡ ಆಯಿ. ಇದರ ಬುಡ ಕೊರೆದು ಗಾಜು ಹಾಕ್ಸವು. ಮತ್ತೆ ಅಡಿಗೆಗೆ ಬತ್ತಿಲ್ಲೆ."

"ಮದುವೆ ಯಾವಾಗ ಆಗ್ತು ಹೇಳಿ ನಂಗೂ ಗೊತ್ತಿಲ್ಲೆ, ನಿಂಗೂ ಗೊತ್ತಿಲ್ಲೆ. ಆ ಕೂಸು ಶಾಲೆ ಬಿಟ್ಟು ಕೂತಿದ್ದು ಈಗ. ತಗಂಡು ಹೋಗು" ಎಂದಳು. ಒಳಗೆ ಹೋಗುತ್ತ ತಿರುಗಿ, "ಉಳಿದ ಹಪ್ಪಳ ಮಾತ್ರ ಮುಟ್ಟಡ" ಎಂದಳು.

ಹೊಸ ಕುಕ್ಕರಿನಲ್ಲಿ ಹಪ್ಪಳದ ಬದಲು ಒಂದು ಹಿಡಿ ಅವಲಕ್ಕಿ ಇಟ್ಟು, ಅದರ ಸೀಟಿಯ ಕೊಳವೆಗೂ ರಬ್ಬರು ಬಿಗಿದು ಬಾವಿಗೆ ಇಳಿಸಿದೆವು. ಮೇಲೆ ಬಂದಾಗ ಅವಲಕ್ಕಿ ಬಾಯಲ್ಲಿ ಕುರುಕುರು ಎಂದಿತು. ನಾನು ಆಯಿಯನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದೆ. ಅವಳು ನನ್ನ ಬೆನ್ನಿಗೆ ಗುದ್ದಿದಳು.

ಹೊನ್ನಾವರದಲ್ಲಿ ಪಾತ್ರೆ ರಿಪೇರಿ ಮಾಡುವವನೊಬ್ಬನಿದ್ದ. ಕುಕ್ಕರನ್ನು ತಿರುಗಿಸಿ ತಿರುಗಿಸಿ ನೋಡಿ, "ಅಕ್ಕೋರೇ, ಎಲ್ಲರೂ ತೂತು ಮುಚ್ಚುಕೆ ತರ್ತರು. ನೀವು ತೂತು ಮಾಡುಕೆ ತಂದ್ರಲ್ಲ!" ಎಂದ. ಬುಡವನ್ನು ದುಂಡಗೆ ಕೊರೆದು, ಆ ತೂತಿಗಿಂತ ದೊಡ್ಡದಾದ ದಪ್ಪ ಗಾಜಿನ ಬಿಲ್ಲೆಯನ್ನು ಹೊರಬದಿಯಿಂದ ಕೂರಿಸಿ ಅಂಟು ಮೆತ್ತಿದ. ನೀರು ಒತ್ತಿದಷ್ಟೂ ಗಾಜು ಇನ್ನೂ ಗಟ್ಟಿಯಾಗಿ ಕೂರಬೇಕು. ಆಯಿಯ ಪಾಠವನ್ನು ಅವನಿಗೆ ನನ್ನದೇ ಎನ್ನುವಂತೆ ಹೇಳಿದೆ. ಮತ್ತೆ ಬಾವಿ, ಮತ್ತೆ ಅವಲಕ್ಕಿ, ಮತ್ತೆ ಕುರುಕುರು. ಆ ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡೇ ಭಟ್ಕಳದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಅದರ ಬುಡದ ಗಾಜಿನಿಂದ ಒಳಗೆ ಇಣುಕಿ, "ಅನ್ನ ಬೆಂದದ್ದು ಕಾಣುಕಾ?" ಎಂದು ಕೇಳಿದಳು. ಹೌದೆಂದೆ. ತನಗೂ ಅಂಥದ್ದು ಬೇಕೆಂದಳು.

ಇಸ್ಮಾಯಿಲ್ ಭಾಯಿಯ ಅಂಗಡಿಯಲ್ಲಿ ಮೂರನೆಯ ಕ್ಯಾಮೆರಾ ಕುಕ್ಕರಿನೊಳಗೆ ಅಳತೆ ತೆಗೆದು ಮಾಡಿದಂತೆ ಕೂತಿತು. ಸುತ್ತ ಹತ್ತಿಯ ಬಟ್ಟೆ ತುರುಕಿದರೆ ಅಲ್ಲಾಡಲೂ ಇಲ್ಲ. "ಮಾಶಾ ಅಲ್ಲಾ" ಎಂದು ಭಾಯಿ ಗಾಜಿಗೆ ಕಣ್ಣಿಟ್ಟರು. ಎರಡು ಫಿಲ್ಮು ಕೊಟ್ಟರು. ಅದಕ್ಕಿಂತ ಹೆಚ್ಚು ಅವರ ಹತ್ತಿರವೂ ಇರಲಿಲ್ಲ.

ಜನವರಿಯ ಒಂದು ಭಾನುವಾರ. ಮಳೆಗಾಲದ ಕೆಸರೆಲ್ಲ ಕುಳಿತು ನೀರು ತಿಳಿಯಾಗುವ ಕಾಲ ಅದು. ಬಿಸಿಲು ನೆತ್ತಿಗೆ ಬರುವಾಗ ಬಂಡೆಯ ಹತ್ತಿರ ಇರಬೇಕೆಂದು ಜಟ್ಟಿ ಹೇಳಿದ್ದ. ದುರ್ಗಯ್ಯ ದೋಣಿ ಹುಟ್ಟು ಹಾಕುತ್ತಿದ್ದ. ನಾನು ನಡುವೆ ಎರಡೂ ಕೈಯಲ್ಲಿ ದೋಣಿಯನ್ನು ಹಿಡಿದು ಕೂತಿದ್ದೆ, ನಾನು ಕೈ ಬಿಟ್ಟರೆ ದೋಣಿ ಬೀಳುತ್ತದೆ ಎಂಬಂತೆ.

ನಮ್ಮ ಉಪಾಯ ಸರಳ. ಕ್ಯಾಮೆರಾದ ಗುಂಡಿ ಸಿಕ್ಕಿಸಿ, ಕುಕ್ಕರಿನಲ್ಲಿ ಇಟ್ಟು, ಮುಚ್ಚಳ ಬಿಗಿದು ಜಟ್ಟಿಯ ಕೈಗೆ ಕೊಡಬೇಕು. ಅವನು ಮುಳುಗಬೇಕು. ಎಲ್ಲವೂ ಮೂರು ನಿಮಿಷದೊಳಗೆ. ಗುಂಡಿ ಸಿಕ್ಕಿಸಿದೆ. ಕ್ಯಾಮೆರಾ ಗಿರ್ರೆಂದಿತು. ಆ ಸದ್ದು ಕೇಳಿದ್ದೇ ಗಡಿಬಿಡಿಯಲ್ಲಿ ಮುಚ್ಚಳ ಒತ್ತಿದೆ. ಮುಚ್ಚಳದ ಕಿವಿ ಕೂರಲೊಲ್ಲದು. "ಒಂದು, ಎರಡು, ಮೂರು" ಎಂದು ಸೆಕೆಂಡುಗಳನ್ನು ಗಟ್ಟಿಯಾಗಿ ಎಣಿಸುತ್ತ, ಎಣಿಕೆ ತಪ್ಪುತ್ತ, ಕೊನೆಗೂ ಬಿಗಿದು ಕೊಟ್ಟೆ. ಜಟ್ಟಿ ಉಸಿರು ಎಳೆದು ಮುಳುಗಿದ. ಅವನು ಮುಳುಗಿದ, ಕುಕ್ಕರು ಮುಳುಗಲಿಲ್ಲ. ಗಾಳಿ ತುಂಬಿದ ಕುಕ್ಕರು ನೀರಿನ ಮೇಲೆ ಬಾತುಕೋಳಿಯಂತೆ ಕುಣಿಯಿತು. ಜಟ್ಟಿ ಅದರ ಹಿಡಿಗೆ ಜೋತುಬಿದ್ದು ಕಾಲು ಬಡಿದ. ಮೂರು ಸಲ ಎಳೆದ, ಮೂರು ಸಲವೂ ಅದೇ ಅವನನ್ನು ಮೇಲೆ ಎಳೆಯಿತು.

"ಅಕ್ಕೋರೇ, ನಿಮಗಿಂತ ನಿಮ್ಮ ಕುಕ್ಕರಿಗೆ ಚಲೋ ಈಜು ಬತ್ತದೆ!" ಎಂದು ದುರ್ಗಯ್ಯ ಹುಟ್ಟು ಬಿಟ್ಟು ನಗತೊಡಗಿದ.

ಮೊದಲ ಫಿಲ್ಮು ಹಾಗೆ ಮುಗಿಯಿತು. ನನಗೆ ಅಳು ಬರುವುದೊಂದು ಬಾಕಿ. ದುರ್ಗಯ್ಯನೇ ದೋಣಿಯಲ್ಲಿದ್ದ ಬಲೆಯ ಸೀಸದ ಗುಂಡುಗಳನ್ನೆಲ್ಲ ಬಿಚ್ಚಿ, ಒಂದು ಸರ ಮಾಡಿ ಕುಕ್ಕರಿನ ಕುತ್ತಿಗೆಗೆ ಸುತ್ತಿದ. ಇಳಿಸಿ ನೋಡಿ, ಇನ್ನೂ ಎರಡು ಕಲ್ಲು ಸೇರಿಸಿದ. "ಈಗ ಹೋಗ್ತದೆ. ಮೀನು ಇಲ್ಲ ಅಂತಾದ್ರೂ ಗೊತ್ತಾಗ್ಲಿ" ಎಂದ. ಕೈ ಮಾತ್ರ ಗಂಟನ್ನು ಎರಡೆರಡು ಸಲ ಬಿಗಿಯುತ್ತಿತ್ತು.

ಎರಡನೆಯ ಫಿಲ್ಮು. ಈ ಸಲ ನಾನು ಎಣಿಸಲಿಲ್ಲ. ಮುಚ್ಚಳ ಒಂದೇ ಏಟಿಗೆ ಕೂತಿತು. ಜಟ್ಟಿ ಮರದ ಚೌಕಟ್ಟಿನ ಕನ್ನಡಕ ಏರಿಸಿ, ಸೊಂಟಕ್ಕೆ ಉಳಿ ಸಿಕ್ಕಿಸಿ, ಕುಕ್ಕರು ತಬ್ಬಿಕೊಂಡು ಹೋದ. ಮೇಲೆ ಗುಳ್ಳೆಗಳು ಬಂದವು, ಆಮೇಲೆ ಅವೂ ನಿಂತವು. ನಾನು ಬಗ್ಗಿ ನೀರನ್ನೇ ನೋಡಿದೆ. ನನ್ನ ಮುಖವೇ ಕಂಡಿತು, ಅಲೆಗೆ ಉದ್ದುದ್ದ ಆಗುತ್ತ. ನಾನೂ ಉಸಿರು ಕಟ್ಟಿದ್ದೆ. ಎರಡು ಸಲ ಉಸಿರು ಬಿಟ್ಟು ಎಳೆದುಕೊಂಡ ಮೇಲೂ ಅವನು ಬರಲಿಲ್ಲ. ಇದು ನಾಗಮ್ಮನ ದಿನನಿತ್ಯದ ಬೆಳಗು ಎಂದು ಆಗ ತಿಳಿಯಿತು.

ನೀರು ಒಡೆದು ತಲೆ ಕಂಡಿತು. ಜಟ್ಟಿ ದೋಣಿ ಹಿಡಿದು ಉಸಿರಾಡಿದ. ಕುಕ್ಕರನ್ನು ಮೊದಲು ನನಗೆ ಕೊಟ್ಟ.

"ಬಂದಿತ್ತಾ?" ಎಂದೆ.

"ಬಂದಿತ್ತು" ಎಂದ. "ಕುಕ್ಕರಿಗೂ ಮೂತಿ ತಾಗಿಸ್ತು."

ದುರ್ಗಯ್ಯ ಹುಟ್ಟು ಎತ್ತಿಕೊಂಡು ದೋಣಿಯನ್ನು ದಡದ ಕಡೆ ತಿರುಗಿಸಿದ.

ಫಿಲ್ಮು ತೊಳೆದು ಬರಲು ಬೊಂಬಾಯಿಗೆ ಹೋಗಬೇಕಿತ್ತು. ಇಸ್ಮಾಯಿಲ್ ಭಾಯಿಯ ಭಾವಮೈದುನ ಒಯ್ದ. ಮೂರು ವಾರ ಕಾದೆವು. ಆ ಮೂರು ವಾರ ಹಾಜರಿ ಕರೆಯುವಾಗ ಗಿರಿಜಾಳ ಹೆಸರನ್ನು ನಾನು ದಿನಾಲೂ ಕರೆದೆ. ಯಾರೂ ಓಗೊಡಲಿಲ್ಲ. ಹೆಸರು ಹೊಡೆದು ಹಾಕಲಿಲ್ಲ. ಮುಖ್ಯೋಪಾಧ್ಯಾಯರು ಒಮ್ಮೆ ಕೇಳಿದಾಗ, "ಬರ್ತಾಳೆ ಸರ್, ಬೊಂಬಾಯಿಯಿಂದ ಬರಬೇಕು" ಎಂದುಬಿಟ್ಟೆ. ಅವರು ಗೊಂದಲದಲ್ಲೇ ತಲೆಯಾಡಿಸಿದರು.

ಇಸ್ಮಾಯಿಲ್ ಭಾಯಿ ಪ್ರೊಜೆಕ್ಟರನ್ನು ಚಾದರದಲ್ಲಿ ಸುತ್ತಿಕೊಂಡು ತಾವೇ ಬಸ್ಸಿನಲ್ಲಿ ಬಂದರು. "ನನ್ನ ಕ್ಯಾಮೆರಾ ಏನು ನೋಡಿದೆ ಅಂತ ನಾನು ನೋಡಬೇಡವಾ?" ಮಟಮಟ ಮಧ್ಯಾಹ್ನ. ಏಳನೇ ತರಗತಿಯ ಕಿಟಕಿಗಳಿಗೆಲ್ಲ ಹಳೆಯ ಹಾಯಿಬಟ್ಟೆ ಕಟ್ಟಿ ಕತ್ತಲು ಮಾಡಿದೆವು. ಗೋಡೆಗೆ ಬಿಳಿ ಪಂಚೆ. ಮಕ್ಕಳು ನೆಲದ ಮೇಲೆ, ಹಿಂದೆ ಬೆಂಚಿನ ಮೇಲೆ ಜಟ್ಟಿ, ನಾಗಮ್ಮ, ದುರ್ಗಯ್ಯ ಮತ್ತು ದಂಡೆಯ ಅರ್ಧ ಜನ. ಗಿರಿಜಾ ಬಾಗಿಲ ಬಳಿ ನಿಂತಿದ್ದಳು, ಒಳಗೂ ಅಲ್ಲದೆ ಹೊರಗೂ ಅಲ್ಲದೆ.

ಮೊದಲ ಫಿಲ್ಮಿನಲ್ಲಿ ಕಂಡದ್ದು ಆಕಾಶ. ಆಮೇಲೆ ದುರ್ಗಯ್ಯನ ಮೂಗಿನ ಹೊಳ್ಳೆಗಳು. ಆಮೇಲೆ ಬಹಳ ಹೊತ್ತು ಸೆಕೆಂಡು ಎಣಿಸುತ್ತಿದ್ದ ನನ್ನ ಬಾಯಿ, ಮುಚ್ಚುತ್ತ ತೆರೆಯುತ್ತ, ಥೇಟ್ ಮೀನಿನ ಹಾಗೆ. "ಗೋಬ್ರ ಬಂತು!" ಎಂದ ಹಿಂದಿನ ಬೆಂಚಿನವನೊಬ್ಬ. ಕೋಣೆ ಬಿದ್ದು ಬಿದ್ದು ನಕ್ಕಿತು. ನಗಲಿ ಎಂದುಕೊಂಡೆ, ಗಿರಿಜಾಳಿಗೆ ನಾನು ಒಂದು ನಗುವಿನ ಬಾಕಿ ತೀರಿಸಬೇಕಿತ್ತು.

ಎರಡನೆಯ ಫಿಲ್ಮು. ದೋಣಿಯ ಅಂಚು, ನೀರಿನ ಬಿಳಿ ನೊರೆ, ನಂತರ ಒಮ್ಮೆಲೇ ಹಸಿರು. ಕೋಣೆಯೆಲ್ಲ ಹಸಿರು ಬೆಳಕಾಯಿತು. ಬಿಸಿಲಿನ ಕೋಲುಗಳು ಓರೆಯಾಗಿ ಇಳಿದಿದ್ದವು. ಬಂಡೆ ಕಂಡಿತು, ಅದರ ಮೈತುಂಬ ನೀಲಿಕಲ್ಲುಗಳು, ಬೆರಳುದ್ದದ ಪಟ್ಟೆಪಟ್ಟೆ ಮೀನುಗಳು ಅವುಗಳ ನಡುವೆ ನುಸುಳುತ್ತ. ಜಟ್ಟಿಯ ಕೈ ಬಂತು. ಉಳಿಯಿಂದ ಬಂಡೆಗೆ ಬಡಿಯಿತು. ಸದ್ದಿಲ್ಲ, ಚಿತ್ರ ಮಾತ್ರ. ಒಂದು. ಎರಡು. ಮೂರು. ಪೊಟರೆಯಲ್ಲಿ ಏನೂ ಇರಲಿಲ್ಲ. ಪ್ರೊಜೆಕ್ಟರು ಕಟಕಟ ಎನ್ನುತ್ತಿತ್ತು.

ಆಗ ಕತ್ತಲೆಯ ಒಂದು ಭಾಗ ಅಲ್ಲಾಡಿತು. ತುಟಿ ಮೊದಲು ಬಂತು, ಆಮೇಲೆ ಕಣ್ಣು, ಆಮೇಲೆ ಚುಕ್ಕೆ ಚುಕ್ಕೆಯ ದೊಡ್ಡ ಮೈ. ಯಾವ ಅವಸರವೂ ಇಲ್ಲದೆ, ಊಟಕ್ಕೆ ಕರೆದ ಹಿರಿಯರಂತೆ ಬಂತು. ಜಟ್ಟಿಯ ಬೆರಳುಗಳಲ್ಲಿ ಒಡೆದ ನೀಲಿಕಲ್ಲು. ಮೀನು ಬಾಯಿ ತೆರೆಯಿತು. ಬೆರಳಿಗೆ ಏನೂ ಮಾಡದೆ ತಿರುಳನ್ನಷ್ಟೇ ಎಳೆದುಕೊಂಡಿತು. ಆಮೇಲೆ ಸೀದಾ ನಮ್ಮ ಕಡೆ ತಿರುಗಿತು. ಇಡೀ ಪಂಚೆಯ ತುಂಬ ಒಂದು ಮೂತಿ!

ಮಕ್ಕಳು ಕಿರುಚಿಕೊಂಡು ಹಿಂದೆ ಸರಿದರು. ದುರ್ಗಯ್ಯ ಬೆಂಚಿನಿಂದ ಎದ್ದು ನಿಂತಿದ್ದ. "ಭಾವಾ" ಎಂದ, ಅಷ್ಟೇ. ಜಟ್ಟಿಯ ಹೆಗಲ ಮೇಲೆ ಕೈ ಇಟ್ಟ. ಜಟ್ಟಿ ನೆಲ ನೋಡುತ್ತ ನಗುತ್ತಿದ್ದ.

ನಾಗಮ್ಮ ಪಂಚೆಯಿಂದ ಕಣ್ಣು ತೆಗೆಯಲಿಲ್ಲ. "ಅಷ್ಟು ಬೆಳಕು ಅದೆಯಾ ಅಲ್ಲಿ?" ಎಂದು ಗಂಡನನ್ನು ಕೇಳಿದಳು. "ನೀವು ದಿನಾ ಕತ್ತಲೆಗೆ ಇಳೀತ್ರಿ ಅಂದ್ಕಂಡಿದ್ದೆ ನಾನು. ಇಷ್ಟು ವರ್ಷ. ಒಂದು ಮಾತು ಹೇಳುಕೆ ಆಗ್ಲಿಲ್ವಾ?"

"ಹೇಳಿದ್ರೆ ಬುರುಡೆ ಅಂತಿದ್ರಿ" ಎಂದ ಜಟ್ಟಿ.

ಹಾಯಿಬಟ್ಟೆ ಸರಿಸಿದ ಮೇಲೆ ನಾನು ಗಿರಿಜಾಳ ಪುಸ್ತಕ ತೆಗೆದು ತರಗತಿಯ ಮುಂದೆ ನಿಂತೆ. ಕೆಂಪು ಶಾಯಿಯಲ್ಲಿ ಬರೆದದ್ದನ್ನು ಹೊಡೆದು ಹಾಕಿ, 'ತಪ್ಪು ಅಕ್ಕೋರದು' ಎಂದು ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿ, ಹತ್ತಕ್ಕೆ ಹತ್ತು ಕೊಟ್ಟೆ. ಅವಳು ಬಂದು ಪುಸ್ತಕ ತೆಗೆದುಕೊಂಡಳು. ನೋಡಿದಳು. "ಇನ್ನೊಂದ್ಸಲ ಹಾಕ್ತರಾ?" ಎಂದಳು, ಇಸ್ಮಾಯಿಲ್ ಭಾಯಿಯನ್ನು.

ಇನ್ನೊಂದು ಸಲವಲ್ಲ, ಏಳು ಸಲ ಹಾಕಿದೆವು. ಏಳನೆಯ ಸಲ ಭಾಯಿ ಫಿಲ್ಮನ್ನು ಹಿಂದುಮುಂದಾಗಿ ಓಡಿಸಿದರು. ಮೀನು ತಿಂದದ್ದನ್ನು ಜಟ್ಟಿಯ ಕೈಗೆ ವಾಪಸು ಕೊಟ್ಟು, ನಮಸ್ಕಾರ ಮಾಡಿದವರಂತೆ ಹಿಂದಕ್ಕೆ ಹೋಗಿ ಪೊಟರೆ ಸೇರಿತು. ನಾಗಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಹಾಜರಿಯಲ್ಲಿ ಗಿರಿಜಾ ಓಗೊಟ್ಟಳು. ಆ ಶನಿವಾರ ಗಂಟೆ ಬಾರಿಸಿದ ಮೇಲೆ ನನ್ನ ಮೇಜಿನ ಬಳಿ ಬಂದು ನಿಂತು, "ನಾಳೆ ಅಪ್ಪನ ಸಂಗಡ ಅಬ್ಬಿನೂ ದೋಣಿಗೆ ಬತ್ತದೆ. ನಾನೂ ಹೋಗ್ತೆ. ನೀವೂ ಬರ್ಬೇಕು. ಪಿಚ್ಚರಿನಲ್ಲಿ ನೋಡಿದ್ದು ಕಣ್ಣಾರೆ ನೋಡಿದ ಹಾಂಗೆ ಆಗುದಿಲ್ಲ" ಎಂದಳು. ನನಗೆ ಈಜು ಬರುವುದಿಲ್ಲ ಎಂದೆ. "ಮುಳುಗೂದು ಬೇಡ. ದೋಣಿ ಹಿಡ್ಕಂಡು ಮುಖ ಅದ್ದಿದ್ರೆ ಸಾಕು" ಎಂದಳು.

ಭಾನುವಾರ ನಾಗಮ್ಮ ನನ್ನ ಸೀರೆಯನ್ನು ಕಚ್ಚೆ ಹಾಕಿ ಬಿಗಿದಳು. ಬಂಡೆಯ ಮೇಲ್ಭಾಗ, ಎದೆಯಾಳದ ನೀರು. ಒಂದು ಕೈಯನ್ನು ದೋಣಿಯ ಅಂಚಿಗೆ, ಇನ್ನೊಂದನ್ನು ನಾಗಮ್ಮನ ತೋಳಿಗೆ ಕೊಟ್ಟು ಇಳಿದೆ. ಚಳಿಗೆ ಹಲ್ಲು ಕಟಕಟಿಸಿತು. ಜಟ್ಟಿ ತನ್ನ ಕನ್ನಡಕವನ್ನು ನನ್ನ ತಲೆಗೆ ಕಟ್ಟಿದ. "ಕಣ್ಣು ಬಿಡಿ ಅಕ್ಕೋರೇ, ಕಣ್ಣು ಬಿಡಿ" ಎಂದು ಗಿರಿಜಾ ಪಕ್ಕದಲ್ಲಿ ಕೂಗುತ್ತಿದ್ದಳು. ಮುಖ ಅದ್ದಿ ಕಣ್ಣು ಬಿಟ್ಟೆ.

ಗೋಬ್ರ ಅಂದು ಬರಲಿಲ್ಲ. ನನಗೆ ಕಂಡದ್ದು ನನ್ನವೇ ಎರಡು ಪಾದಗಳು, ಬಿಳಿಚಿಕೊಂಡು, ಬೇರೆ ಯಾರದೋ ಎಂಬಂತೆ. ಅವುಗಳ ಸುತ್ತ ಆ ಪಟ್ಟೆಪಟ್ಟೆ ಮೀನುಗಳು ಇಪ್ಪತ್ತು ಮೂವತ್ತು ಸೇರಿದ್ದವು. ಒಂದು ಬಂದು ಹೆಬ್ಬೆರಳನ್ನು ಕಚ್ಚಿ ನೋಡಿತು. ರುಚಿಸಲಿಲ್ಲವೇನೋ, ಮುಖ ತಿರುಗಿಸಿ ಹೋಯಿತು. ಇನ್ನೊಂದು ಬಂದು ಅದೇ ಬೆರಳನ್ನು ಕಚ್ಚಿತು. ಕಚಗುಳಿಯಾಗಿ ನಾನು ನಕ್ಕುಬಿಟ್ಟೆ, ಅರಬ್ಬೀ ಸಮುದ್ರದ ಒಂದು ಪಾಲು ನನ್ನ ಗಂಟಲಿಗೆ ಇಳಿಯಿತು. ನೀರೊಳಗೆ ನಗಬಾರದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.